ಮನೆಕಟ್ಟುವ ಉದ್ಯಮವೂ ಬಂದರಿನ ವ್ಯಾಪಾರವೂ

ಒಂದು ಊರಿನಲ್ಲಿ ಹೊಸ ಮನೆಗಳೇಳುವುದನ್ನು ಕಂಡರೆ ಆ ಊರು ಏಳಿಗೆಗೆ ಬಂದಿತೆಂದು ಜನರು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜವು? ಹೊರನಾಡುಗಳ ವ್ಯಾಪಾರದಿಂದಲೇ ಜೀವಿಸುವ ಬಂದರು ಪಟ್ಟಣದಲ್ಲಿ ಗೃಹನಿರ್ಮಾಣದ ಉದ್ಯಮವು ಹಣವನ್ನು ಎಲ್ಲಿಂದ ತರುವುದು, ಯಾರ ಕೈಗೆ ಕೊಡುವುದು ಎಂಬುದನ್ನು ಮಂಗಳೂರು ಹಂಚಿನ ಚರಿತ್ರೆಯಿಂದ ವಿಚಾರಿಸೋಣ.

ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಅಧಿಕವಾಗಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಪೂರ್ವದಲ್ಲಿ ಬಡವರ ಮನೆಗೆ ಮುಳಿಹುಲ್ಲಿನ ಇಲ್ಲವೆ ಮಡಲಿನ ಹೊದಿಕೆಯೇ ಗತಿಯಾಗಿತ್ತು. ಅದಕ್ಕೆ ಬೆಂಕಿಯ ಭಯವಿದ್ದುದಲ್ಲದೆ ಮತ್ತೆ ಮತ್ತೆ ಹೊದಿಸುವ ವೆಚ್ಚವೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಕ್ರೈಸ್ತಮತವನ್ನು ಅಂಗೀಕರಿಸಿದವರಿಗೆ ಜೀವನೋಪಾಯವನ್ನು ಒದಗಿಸಬೇಕಾಗಿ ಬಂದಾಗ ನೇಯ್ಗೆ ಮೊದಲಾದ ಕೈಗಾರಿಕೆಗಳನ್ನು ತೆರೆದರು. ಅವರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ಬದಿಯ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವಂತಹ ಈ ಚಪ್ಪಟೆ ಹಂಚು ಮಳೆಗಾಳಿಗಳನ್ನು ತಡೆಯಿತು. 1868ರಲ್ಲಿ ಆಲ್ಬುಕರ್ಕ್ ಎಂಬ ಸ್ಥಳೀಯ ಕ್ರೈಸ್ತ ಮನೆತನದವರೂ ಕಾರ್ಖಾನೆಯನ್ನು ತೆರೆದರು. ಮಿಶನಿನವರು ಮುಂದೆ ಕುದ್ರೋಳಿ, ಮಲ್ಪೆ ಮೊದಲಾದ ಸ್ಥಳಗಳಿಗೂ ಈ ಕೆಲಸವನ್ನು ವಿಸ್ತರಿಸಿದರು.

ಒಂದು ಹಂಚಿನ ಬೆಲೆಯು ಎಷ್ಟು ಕೈಗಳಲ್ಲಿ ಹಂಚಿಹೋಗುವುದೆಂಬುದನ್ನು ನೋಡಿರಿ. ಮಣ್ಣನ್ನು ಅಗೆಯುವವನು, ಅದನ್ನು ದೋಣಿಯಲ್ಲಿ ತರುವವನು, ಕಟ್ಟಿಗೆಯನ್ನು ಒದಗಿಸುವವನು, ಅಚ್ಚೊತ್ತುವವನು, ಆವಿಗೆಯ ಬೆಂಕಿಯನ್ನು ಕಾಯುವವನು, ಹೊರೆಹೊತ್ತು ಸಾಗಿಸುವ ಸ್ತ್ರೀಯರು, ಇವರೆಲ್ಲರಿಗೂ ಕೂಲಿಯುಂಟು. ಆ ಕೂಲಿಯು ಅಕ್ಕಿಯಂಗಡಿಗೂ ಬಟ್ಟೆಯಂಗಡಿಗೂ ಹೋಗಿ, ಅಲ್ಲಿಂದ ಮತ್ತೊಬ್ಬರ ಮನೆಯನ್ನು ಸೇರುವುದು. ಮನೆಯನ್ನು ಕಟ್ಟುವಲ್ಲಿಯೂ ಬಡಗಿಗೆ ಪಕ್ಕಾಸು, ರೀಪುಗಳ ಕೆಲಸವು ದೊರೆಯುವುದು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಊರವರೇ ತಮ್ಮೂರಿನಲ್ಲಿ ಮನೆ ಕಟ್ಟಿದರೆ, ಊರಿನಲ್ಲಿದ್ದ ಹಣವು ಕೈಯಿಂದ ಕೈಗೆ ಹೋಗುವುದೇ ಹೊರತು ಹೊಸದಾಗಿ ಬರುವುದಿಲ್ಲ. ಕಬ್ಬಿಣ, ಗಾಜುಗಳನ್ನು ಪರಸ್ಥಳದಿಂದ ತರಿಸಿದರೆ ಅದರಲ್ಲೊಂದು ಪಾಲು ಹೊರಕ್ಕೆ ಹರಿಯುವುದು. ಹಂಚಾದರೋ ನಮ್ಮ ಮಣ್ಣಿನಿಂದ, ನಮ್ಮವರ ದುಡಿಮೆಯಿಂದ ಆದುದು. ಅದು ಬಂದರಿನಿಂದ ಪತ್ತೆಮಾರಿಗಳಲ್ಲಿಯೂ ಹಡಗುಗಳಲ್ಲಿಯೂ ಮುಂಬಯಿಗೆ, ಸಿಂಹಳಕ್ಕೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಅಲ್ಲಿ ಮನೆ ಕಟ್ಟಿದವರ ಹಣವು ಇಲ್ಲಿಗೆ ಬಂದಿತು. ಆದುದರಿಂದಲೇ ಈ ಕೈಗಾರಿಕೆಯು ಊರನ್ನು ಬೆಳೆಸಿತು.

ಇದರ ಬಲವೆಲ್ಲಿತ್ತೋ ದೌರ್ಬಲ್ಯವೂ ಅಲ್ಲಿಯೇ ಇತ್ತು. ದೂರದ ಊರಿನಲ್ಲಿ ಕಟ್ಟಡದ ಕೆಲಸವು ನಿಂತರೆ ಇಲ್ಲಿಯ ಆವಿಗೆಯು ತಣ್ಣಗಾಗುವುದು. 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಮಿಶನಿನ ಕಾರ್ಖಾನೆಗಳು ಸರಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಾಲಕ್ರಮೇಣ ಸಿಮೆಂಟು ಕಾಂಕ್ರೀಟಿನ ತಾರಸಿಗಳು ಹಂಚಿನ ಮಾಡುಗಳ ಸ್ಥಾನವನ್ನು ಆಕ್ರಮಿಸಿದವು. ಮಣ್ಣೂ ಕಟ್ಟಿಗೆಯೂ ದುರ್ಲಭವಾದವು. ಬಹು ಕಾರ್ಖಾನೆಗಳು ಮುಚ್ಚಿದವು. ಇಂದು ಉಳಿದವು ಕೆಲವೇ. ಹೊರೆಹೊರುವುದೊಂದೇ ಕೆಲಸವನ್ನು ಬಲ್ಲ ಸ್ತ್ರೀಗೆ ಕಾರ್ಖಾನೆಯ ಬಾಗಿಲು ಮುಚ್ಚುವುದೆಂದರೆ ಮನೆಯ ಒಲೆಯು ಆರುವುದೆಂದೇ ಅರ್ಥವು. ಯಂತ್ರವನ್ನು ಮಾರಿದರೆ ಬೆಲೆ ಬರುವುದು. ಸವೆದುಹೋದ ಬೆನ್ನಿಗೆ ಬೆಲೆ ಕೊಡುವವರಾರು?

ಆದಕಾರಣ, ವ್ಯಾಪಾರವನ್ನು ನಂಬಿದ ನಾಡು ಒಂದೇ ಸರಕನ್ನೂ ಒಂದೇ ಗಿರಾಕಿಯನ್ನೂ ನಂಬಿರಬಾರದು. ಕಟ್ಟಡಗಳು ಏಳುವ ಸುಭಿಕ್ಷಕಾಲದಲ್ಲಿ ಬಂದ ಲಾಭದಿಂದ ಒಂದಂಶವನ್ನಾದರೂ ವಿದ್ಯೆಗೂ ಕೈಚಳಕಕ್ಕೂ ವಿನಿಯೋಗಿಸಿದರೆ, ಬರುವ ಕ್ಷಾಮವನ್ನು ತಾಳಿಕೊಳ್ಳಬಹುದು. ಮರಳಿನ ಮೇಲೆಯೂ ಬಂಡೆಯ ಮೇಲೆಯೂ ಮನೆಕಟ್ಟಿದವರ ಸಾಮ್ಯವನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿರುವೆವು. ಮಾತಾಪಿತೃಗಳು ಮನೆಯ ಮಾಡಿಗೆ ವ್ಯಯಿಸುವಷ್ಟೇ ಮುತುವರ್ಜಿಯಿಂದ ಮಗಳ ವಿದ್ಯೆಗೂ ವ್ಯಯಿಸಲಿ. ಹಂಚು ಒಡೆದರೆ ಬೇರೊಂದನ್ನು ಹೊದಿಸಬಹುದು; ಕಲಿಯದೆ ಕಳೆದ ಬಾಲ್ಯವನ್ನಾದರೋ ಮರಳಿ ತರಲಾಗದು.