ಕ್ಯಾಟ್‌ಫಿಶ್ ಕೃಷಿ: ವಿವಿಧ ಉತ್ಪಾದನಾ ಪದ್ಧತಿಗಳ ಆರ್ಥಿಕ ತುಲನೆ

1. ಪೀಠಿಕೆ

ಕ್ಯಾಟ್‌ಫಿಶ್ ಜಾತಿಯ ಮೀನುಗಳನ್ನು ಮಣ್ಣಿನ ಕೊಳ, ಜಲಾಶಯದ ಪಂಜರ, ಬಯೋಫ್ಲಾಕ್ ತೊಟ್ಟಿ ಹಾಗೂ ನೀರಿನ ಪುನರ್ಬಳಕೆ ಘಟಕ ಎಂಬ ನಾಲ್ಕು ಪದ್ಧತಿಗಳಲ್ಲಿ ಸಾಕಬಹುದಾಗಿದೆ. ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಪದ್ಧತಿಯಲ್ಲಿ ಅತಿ ಹೆಚ್ಚು ಇಳುವರಿ ಬರುತ್ತದೆ ಎಂಬುದು. ಆದರೆ ಲಾಭ ನಷ್ಟಗಳನ್ನು ನಿರ್ಧರಿಸುವುದು ಇಳುವರಿಯೊಂದೇ ಅಲ್ಲ. ಒಂದು ಕಿಲೋ ಮೀನು ಬೆಳೆಯಲು ತಗಲುವ ಒಟ್ಟು ವೆಚ್ಚ ಎಷ್ಟು, ಆ ಮೀನನ್ನು ಯಾವ ಬೆಲೆಗೆ, ಯಾರಿಗೆ ಮಾರಲು ಸಾಧ್ಯ ಎಂಬುದೇ ಮುಖ್ಯ. ಈ ಲೆಕ್ಕವನ್ನು ಅರ್ಜಿ ಸಲ್ಲಿಸುವ ಮೊದಲೇ ಮಾಡಿಕೊಳ್ಳುವುದು ಅವಶ್ಯ. ತೊಟ್ಟಿ ಖಾಲಿಯಾಗಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

2. ಸಾಕಣೆಗೆ ಯೋಗ್ಯವಾದ ತಳಿಗಳು

ಪಂಗಾಸಿಯಸ್: ಮೂಲತಃ ಆಗ್ನೇಯ ಏಷ್ಯಾದ ಮೆಕಾಂಗ್ ಮತ್ತು ಚಾವೊ ಫ್ರಾಯಾ ನದಿಗಳ ಮೀನು. 1990ರ ದಶಕದ ಮಧ್ಯಭಾಗದಲ್ಲಿ ಬಾಂಗ್ಲಾದೇಶದ ಮೂಲಕ ಪಶ್ಚಿಮ ಬಂಗಾಳಕ್ಕೆ ಬಂದು, ನಂತರ ಆಂಧ್ರ ಪ್ರದೇಶದ ಕೊಳಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿತು. ಒಂದು ವರ್ಷದೊಳಗೆ ಸುಮಾರು 1 ಕಿಲೋ ತೂಗುತ್ತದೆ. ನೀರಿನ ಮೇಲ್ಭಾಗಕ್ಕೆ ಬಂದು ಗಾಳಿಯನ್ನೂ ಉಸಿರಾಡಬಲ್ಲದಾದ್ದರಿಂದ ಹೆಚ್ಚು ಸಾಂದ್ರತೆಯನ್ನು ತಾಳಿಕೊಳ್ಳುತ್ತದೆ. ಚಳಿಯನ್ನು ಮಾತ್ರ ಸಹಿಸುವುದಿಲ್ಲ. ನೀರಿನ ಉಷ್ಣಾಂಶ ಇಳಿದಂತೆ ಆಹಾರ ಸೇವನೆ ಮತ್ತು ಬೆಳವಣಿಗೆ ಕುಂಠಿತಗೊಳ್ಳುತ್ತವೆ.

ದೇಶಿ ಮಾಗೂರು: ಮಾರುಕಟ್ಟೆಯಲ್ಲಿ ಪಂಗಾಸಿಯಸ್‌ಗಿಂತ ಬಹಳ ಹೆಚ್ಚಿನ ಬೆಲೆ ದೊರೆಯುತ್ತದೆ. ಆದರೆ ಬೆಳವಣಿಗೆ ನಿಧಾನ. ಪ್ರೇರಿತ ಸಂತಾನೋತ್ಪತ್ತಿಯಲ್ಲಿ ವೀರ್ಯ ಪಡೆಯಲು ಗಂಡು ಮೀನನ್ನು ಸಾಮಾನ್ಯವಾಗಿ ಕೊಲ್ಲಬೇಕಾಗುವುದರಿಂದ ಮರಿಗಳ ಉತ್ಪಾದನೆ ಸೀಮಿತವಾಗಿದೆ. ಖಚಿತ ಮರಿ ಪೂರೈಕೆ ಇಲ್ಲದೆ ಈ ತಳಿಯನ್ನು ನೆಚ್ಚಿ ಬಂಡವಾಳ ಹೂಡುವುದು ಸೂಕ್ತವಲ್ಲ.

ಆಫ್ರಿಕನ್ ಮಾಗೂರು: ಈ ತಳಿಯ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಇದು ತಪ್ಪಿಸಿಕೊಂಡು ಕೆರೆ, ಹೊಳೆಗಳನ್ನು ಸೇರಿದಲ್ಲಿ ಸ್ಥಳೀಯ ಮೀನುಗಳನ್ನು ತಿಂದು ನಾಶಪಡಿಸುತ್ತದೆ. ದೇಶಿ ಮಾಗೂರು ಎಂಬ ಹೆಸರಿನಲ್ಲಿ ಇದರ ಮರಿಗಳನ್ನು ಮಾರುವ ಸಂಭವವಿರುವುದರಿಂದ ಮರಿಗಳನ್ನು ನಂಬಲರ್ಹ ಮರಿ ಉತ್ಪಾದನಾ ಕೇಂದ್ರಗಳಿಂದಲೇ, ರಶೀದಿಯೊಂದಿಗೆ ಖರೀದಿಸತಕ್ಕದ್ದು.

ಮುಂದಿನ ಲೆಕ್ಕಗಳೆಲ್ಲವೂ ಪಂಗಾಸಿಯಸ್ ತಳಿಗೆ ಸಂಬಂಧಿಸಿರುತ್ತವೆ.

3. ತುಲನೆಯ ವಿಧಾನ

ಕೆಳಕಂಡ ಅಂಕಿಗಳು ಲೆಕ್ಕದ ಕ್ರಮವನ್ನು ವಿವರಿಸಲು ಹಿಡಿದುಕೊಂಡ ಮಾದರಿ ಅಂಕಿಗಳಾಗಿದ್ದು, ಅರ್ಜಿದಾರರು ತಮ್ಮ ಊರಿನ ದರಗಳನ್ನು ಹಾಕಿ ಪರಿಷ್ಕರಿಸಿಕೊಳ್ಳುವುದು. ತೇಲುವ ಆಹಾರದ ದರ ಕಿಲೋಗೆ ರೂ. 40, ವಾರ್ಷಿಕ ಬಡ್ಡಿ ಶೇ. 10, ಮರಿಗಳ ಬದುಕುಳಿಯುವ ಪ್ರಮಾಣ ಶೇ. 85 ಎಂದು ಎಲ್ಲ ಪದ್ಧತಿಗಳಿಗೂ ಸಮಾನವಾಗಿ ಹಿಡಿಯಲಾಗಿದೆ. ಬಂಡವಾಳ ವೆಚ್ಚವನ್ನು ಆಸ್ತಿಯ ಬಾಳಿಕೆಯ ವರ್ಷಗಳಿಗೆ ಹಂಚಿ ಸವಕಳಿಯಾಗಿ ತೋರಿಸಲಾಗಿದೆ. ಸವಕಳಿಯನ್ನು ಬಿಟ್ಟು ಮಾಡಿದ ಲೆಕ್ಕದಲ್ಲಿ ಎಲ್ಲ ಪದ್ಧತಿಗಳೂ ಲಾಭದಾಯಕವಾಗಿಯೇ ಕಾಣಬಹುದು. ತೊಟ್ಟಿಯ ಹಾಳೆ ಹರಿದು ಹೊಸದನ್ನು ಕೊಳ್ಳಬೇಕಾದ ವರ್ಷ ನಿಜ ಸ್ಥಿತಿ ಗೋಚರಿಸುತ್ತದೆ.

4. ಉತ್ಪಾದನಾ ಪದ್ಧತಿಗಳು

(ಅ) ಮಣ್ಣಿನ ಕೊಳ

1 ಹೆಕ್ಟೇರ್ ಕೊಳಕ್ಕೆ 16,500 ಮರಿಗಳನ್ನು ಬಿಟ್ಟು, ವರ್ಷಕ್ಕೆ 14 ಟನ್ ಇಳುವರಿ ಪಡೆಯಲಾಗುವುದೆಂದು ಭಾವಿಸಲಾಗಿದೆ. ನಿರ್ಮಾಣ ವೆಚ್ಚ ರೂ. 7.00 ಲಕ್ಷ, ಬಾಳಿಕೆ 10 ವರ್ಷ. ಒಂದು ಕಿಲೋ ಮೀನಿಗೆ ಒಂದೂವರೆ ಕಿಲೋ ಆಹಾರ ಬೇಕೆಂದರೆ ವರ್ಷಕ್ಕೆ 21 ಟನ್ ಆಹಾರ, ಅಂದರೆ ರೂ. 8.40 ಲಕ್ಷ ಬೇಕಾಗುತ್ತದೆ. ಒಂದು ವರ್ಷದ ಆಹಾರದ ಬಾಬ್ತು ಕೊಳ ತೋಡಿಸಿದ ವೆಚ್ಚವನ್ನೂ ಮೀರುತ್ತದೆ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸುವುದು. ಕೊಳಕ್ಕೆ ಸಾಲ ಪಡೆದು ಆಹಾರಕ್ಕೆ ಹಣವಿಲ್ಲದೆ ಹೋದಲ್ಲಿ ಮೀನು ಮಾರಾಟದ ಗಾತ್ರಕ್ಕೆ ಬರುವುದೇ ಇಲ್ಲ.

ವಿಯೆಟ್ನಾಂನ ಮೆಕಾಂಗ್ ಮುಖಜ ಭೂಮಿಯಲ್ಲಿ ಇದೇ ಮೀನನ್ನು ಹೆಕ್ಟೇರಿಗೆ 200 ಟನ್‌ಗೂ ಮೀರಿ ಬೆಳೆಯಲಾಗುತ್ತದೆ. ಅಲ್ಲಿನ ಕೊಳಗಳು ಸುಮಾರು 4 ಮೀಟರ್ ಆಳವಿದ್ದು, ನದಿಯ ನೀರು ಹೇರಳವಾಗಿ ಬದಲಾಗುತ್ತಿರುತ್ತದೆ. ಕೊಳವೆಬಾವಿಯ ನೀರನ್ನು ನೆಚ್ಚಿದ ಕೊಳದಲ್ಲಿ ಆ ಇಳುವರಿಯನ್ನು ನಿರೀಕ್ಷಿಸುವಂತಿಲ್ಲ.

(ಆ) ಜಲಾಶಯದ ಪಂಜರ ಕೃಷಿ

ಜಾರ್ಖಂಡ್‌ನ ಚಾಂಡಿಲ್ ಜಲಾಶಯದಂತಹ ಕಡೆಗಳಲ್ಲಿ ಪಂಗಾಸಿಯಸ್ ಮೀನನ್ನು ಪಂಜರಗಳಲ್ಲಿ ಬೆಳೆಯಲಾಗಿದೆ. ಜಮೀನು ಬೇಡ, ಪಂಪ್‌ಸೆಟ್ಟೂ ಬೇಡ. ಜಲಾಶಯದ ನೀರೇ ಮಲಿನವನ್ನು ಸಾಗಿಸುತ್ತದೆ. ಆದರೆ ಪಂಜರದ ಮೀನಿಗೆ ನೈಸರ್ಗಿಕ ಆಹಾರ ಅಷ್ಟಾಗಿ ದೊರೆಯುವುದಿಲ್ಲ, ಹಾಕಿದ ಆಹಾರದ ಸ್ವಲ್ಪ ಭಾಗ ನೀರಿನಲ್ಲಿ ಕೊಚ್ಚಿ ಹೋಗುತ್ತದೆ. ಬಲೆಯ ಕಣ್ಣಿಗೆ ತಕ್ಕಂತೆ ದೊಡ್ಡ ಗಾತ್ರದ ಮರಿಗಳನ್ನೇ ಕೊಳ್ಳಬೇಕು. ದೋಣಿ ಮತ್ತು ರಾತ್ರಿ ಕಾವಲು ಅನಿವಾರ್ಯ. ಆದ್ದರಿಂದ ಒಂದೆರಡು ಪಂಜರಗಳಿಗಿಂತ ಸಹಕಾರ ಸಂಘ ಅಥವಾ ಗುಂಪಿನ ಮೂಲಕ ಹತ್ತಾರು ಪಂಜರಗಳನ್ನು ಒಟ್ಟಾಗಿ ನಡೆಸಿದಲ್ಲಿ ಮಾತ್ರ ಕಾವಲಿನ ವೆಚ್ಚ ಹಂಚಿಹೋಗುತ್ತದೆ. ಮಾದರಿ ಲೆಕ್ಕದಲ್ಲಿ ಪ್ರತಿ ಪಂಜರಕ್ಕೆ ಸ್ಥಿರ ಬಂಡವಾಳ ರೂ. 1.80 ಲಕ್ಷ, ಬಾಳಿಕೆ 10 ವರ್ಷ, ಇಳುವರಿ 3 ಟನ್ ಎಂದು ಹಿಡಿಯಲಾಗಿದೆ.

(ಇ) ಬಯೋಫ್ಲಾಕ್

ತೊಟ್ಟಿಯ ನೀರಿಗೆ ಬೆಲ್ಲ ಅಥವಾ ಕಾಕಂಬಿಯಂತಹ ಇಂಗಾಲದ ಮೂಲವನ್ನು ಸೇರಿಸಿ, ಸತತವಾಗಿ ಗಾಳಿ ಹಾಯಿಸಿದಾಗ ಸೂಕ್ಷ್ಮಾಣುಜೀವಿಗಳು ಮೀನಿನ ತ್ಯಾಜ್ಯದಲ್ಲಿನ ಅಮೋನಿಯಾವನ್ನು ಬಳಸಿಕೊಂಡು ಬೆಳೆಯುತ್ತವೆ. ನೀರು ಶುದ್ಧವಾಗುವುದರೊಂದಿಗೆ ಮೀನಿಗೆ ಸ್ವಲ್ಪ ಆಹಾರವೂ ದೊರೆಯುತ್ತದೆ.

4 ಮೀಟರ್ ವ್ಯಾಸದ 7 ತೊಟ್ಟಿಗಳು, ತಲಾ 15 ಘನ ಮೀಟರ್ ನೀರು, ಘನ ಮೀಟರಿಗೆ 20 ಕಿಲೋ ಇಳುವರಿ, ವರ್ಷಕ್ಕೆ ಅರ್ಧ ಕಿಲೋ ಗಾತ್ರದ ಮೀನಿನ ಎರಡು ಬೆಳೆ ಎಂದರೆ ಒಟ್ಟು 4,200 ಕಿಲೋ. ಸ್ಥಿರ ಬಂಡವಾಳ ರೂ. 6.30 ಲಕ್ಷ, ಬಾಳಿಕೆ 6 ವರ್ಷ ಎಂದು ಹಿಡಿಯಲಾಗಿದೆ. ಒಂದೂವರೆ ಕಿಲೋವ್ಯಾಟ್ ಬ್ಲೋವರ್ ದಿನದ 24 ಗಂಟೆ ನಡೆದರೆ 36 ಯೂನಿಟ್ ವ್ಯಯವಾಗುತ್ತದೆ. ವರ್ಷಕ್ಕೆ 350 ದಿನ, ಯೂನಿಟ್‌ಗೆ ರೂ. 7ರಂತೆ ವಿದ್ಯುತ್ ವೆಚ್ಚ ರೂ. 88,200, ಅಂದರೆ ಕಿಲೋ ಮೀನಿಗೆ ರೂ. 21.

(ಈ) ನೀರಿನ ಪುನರ್ಬಳಕೆ ಪದ್ಧತಿ

ಈ ಪದ್ಧತಿಯಲ್ಲಿ ತೊಟ್ಟಿಯ ನೀರನ್ನು ಶೋಧಕಗಳ ಮೂಲಕ ಹಾಯಿಸಿ ಮತ್ತೆ ಮತ್ತೆ ಬಳಸಲಾಗುತ್ತದೆ. 2020-21ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ 8 ತೊಟ್ಟಿಗಳ ದೊಡ್ಡ ಘಟಕಕ್ಕೆ ರೂ. 50 ಲಕ್ಷ ಘಟಕ ವೆಚ್ಚ, ಬೆಳೆಗೆ 40 ಟನ್ ಸಾಮರ್ಥ್ಯ ನಿಗದಿಪಡಿಸಲಾಗಿತ್ತು. 10 ವರ್ಷದ ಬಾಳಿಕೆ ಮತ್ತು ಶೇ. 10 ಬಡ್ಡಿ ಸೇರಿ ಇಂತಹ ಘಟಕದ ಸ್ಥಿರ ವೆಚ್ಚ ವರ್ಷಕ್ಕೆ ರೂ. 10 ಲಕ್ಷವಾಗುತ್ತದೆ. ವರ್ಷಕ್ಕೆ 80 ಟನ್ ಬೆಳೆದರೆ ಇದು ಕಿಲೋಗೆ ರೂ. 12.50 ಮಾತ್ರ. 40 ಟನ್ ಬೆಳೆದರೆ ರೂ. 25. 20 ಟನ್ ಮಾತ್ರ ಬೆಳೆದರೆ ರೂ. 50. ಆಹಾರ, ಮರಿ, ವಿದ್ಯುತ್, ಕೂಲಿ ಇವುಗಳೆಲ್ಲ ಇದರ ಮೇಲೆ ಬರುತ್ತವೆ. ಪೂರ್ಣ ಸಾಮರ್ಥ್ಯದಲ್ಲಿ ನಡೆಸಲು ಬೇಕಾದ ತಾಂತ್ರಿಕ ಪರಿಣತಿ ಮತ್ತು ಮಾರುಕಟ್ಟೆ ಇಲ್ಲದವರು ಈ ಪದ್ಧತಿಗೆ ತೊಡಗಬಾರದು.

5. ಪ್ರತಿ ಕಿಲೋ ಮೀನಿನ ಉತ್ಪಾದನಾ ವೆಚ್ಚ (ರೂಪಾಯಿಗಳಲ್ಲಿ)

ಆಹಾರ: ಕೊಳ 60, ಪಂಜರ 64, ಬಯೋಫ್ಲಾಕ್ 50
ಮರಿ: ಕೊಳ 6, ಪಂಜರ 8, ಬಯೋಫ್ಲಾಕ್ 12
ಕೂಲಿ ಮತ್ತು ಕಾವಲು: ಕೊಳ 10, ಪಂಜರ 15, ಬಯೋಫ್ಲಾಕ್ 20
ವಿದ್ಯುತ್ ಮತ್ತು ಇತರೆ ಪರಿಕರ: ಕೊಳ 4, ಪಂಜರ 5, ಬಯೋಫ್ಲಾಕ್ 29
ಸವಕಳಿ: ಕೊಳ 5, ಪಂಜರ 6, ಬಯೋಫ್ಲಾಕ್ 25
ಬಂಡವಾಳದ ಮೇಲಿನ ಬಡ್ಡಿ: ಕೊಳ 5, ಪಂಜರ 6, ಬಯೋಫ್ಲಾಕ್ 15
ಒಟ್ಟು: ಕೊಳ 90, ಪಂಜರ 104, ಬಯೋಫ್ಲಾಕ್ 151

ಕೊಳದ ಜಮೀನು ಗುತ್ತಿಗೆಯದಾದಲ್ಲಿ ಆ ಮೊತ್ತವನ್ನೂ ಸೇರಿಸಬೇಕು. ವರ್ಷಕ್ಕೆ ರೂ. 70,000 ಗುತ್ತಿಗೆ ಎಂದರೆ ಕಿಲೋಗೆ ಮತ್ತೆ ರೂ. 5.

ಮೇಲ್ಕಂಡ ವಿವರದಿಂದ ವ್ಯಕ್ತವಾಗುವಂತೆ, ಬಯೋಫ್ಲಾಕ್ ಪದ್ಧತಿಯಲ್ಲಿ ಆಹಾರದ ವೆಚ್ಚ ಕಡಿಮೆಯಾದರೂ ಉಳಿದೆಲ್ಲ ಬಾಬ್ತುಗಳು ಹೆಚ್ಚುತ್ತವೆ. ಸಗಟು ಬೆಲೆ ಕಿಲೋಗೆ ರೂ. 100 ಇದ್ದಲ್ಲಿ ಕೊಳದ ಕೃಷಿಕರಿಗೆ ವರ್ಷಕ್ಕೆ ರೂ. 1.40 ಲಕ್ಷ ಉಳಿಯುತ್ತದೆ. ಅದೇ ಬೆಲೆಗೆ ಮಾರಿದ ಬಯೋಫ್ಲಾಕ್ ಘಟಕಕ್ಕೆ ರೂ. 2.14 ಲಕ್ಷ ನಷ್ಟವಾಗುತ್ತದೆ. ಪಟ್ಟಣದ ಅಂಚಿನಲ್ಲಿದ್ದು, ಜೀವಂತ ಮೀನನ್ನು ನೇರವಾಗಿ ಗ್ರಾಹಕರಿಗೆ ರೂ. 160ರಂತೆ ಮಾರಬಲ್ಲವರಿಗೆ ಮಾತ್ರ ಸದರಿ ಘಟಕದಿಂದ ರೂ. 37,800 ಉಳಿಯುತ್ತದೆ. ಮನೆಯವರೇ ದುಡಿದಲ್ಲಿ ಕೂಲಿಯ ರೂ. 84,000 ಸಹ ಕುಟುಂಬದಲ್ಲಿಯೇ ಉಳಿಯುತ್ತದೆ. ಜಮೀನು ಇಲ್ಲದ, ಆದರೆ ಖಚಿತ ಗಿರಾಕಿಗಳಿರುವ ಕುಟುಂಬಕ್ಕೆ ಬಯೋಫ್ಲಾಕ್ ಅನುಕೂಲವಾಗುವುದು ಈ ಕಾರಣದಿಂದ.

6. ಸಹಾಯಧನದ ಪರಿಣಾಮ

ಮೇಲ್ಕಂಡ ಯೋಜನೆಯಲ್ಲಿ ಘಟಕ ವೆಚ್ಚದ ಮೇಲೆ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನವನ್ನು ನಿಗದಿಪಡಿಸಲಾಗಿತ್ತು. ಮಾದರಿ ಬಯೋಫ್ಲಾಕ್ ಘಟಕದ ಸ್ಥಿರ ಬಂಡವಾಳಕ್ಕೆ ಇದನ್ನು ಅನ್ವಯಿಸಿದರೆ ಕಿಲೋವಾರು ವೆಚ್ಚ ರೂ. 151ರಿಂದ ಕ್ರಮವಾಗಿ ರೂ. 135 ಮತ್ತು ರೂ. 127ಕ್ಕೆ ಇಳಿಯುತ್ತದೆ. ಶೇ. 60 ಸಹಾಯಧನ ದೊರೆತ ನಂತರವೂ ರೂ. 100ರ ಸಗಟು ಬೆಲೆಗೆ ಮಾರಿದಲ್ಲಿ ನಷ್ಟ ತಪ್ಪುವುದಿಲ್ಲ. ಸಹಾಯಧನವು ಸವಕಳಿ ಮತ್ತು ಬಡ್ಡಿಯ ಭಾರವನ್ನು ತಗ್ಗಿಸುತ್ತದೆಯೇ ಹೊರತು, ವರ್ಷ ವರ್ಷವೂ ಬರುವ ಆಹಾರ, ವಿದ್ಯುತ್ ಮತ್ತು ಕೂಲಿಯ ವೆಚ್ಚವನ್ನು ಭರಿಸುವುದಿಲ್ಲ.

ದುಡಿಯುವ ಬಂಡವಾಳಕ್ಕಾಗಿ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ರಲ್ಲಿ ಮೀನು ಕೃಷಿಕರಿಗೂ ವಿಸ್ತರಿಸಲಾಗಿದೆ. ಆಹಾರದ ಸಾಲವನ್ನು ವ್ಯಾಪಾರಿಯಿಂದ ಪಡೆದು, ಮೀನನ್ನು ಆತ ಹೇಳಿದ ಬೆಲೆಗೇ ಕೊಡಬೇಕಾದ ಪರಿಸ್ಥಿತಿಯನ್ನು ಇದರಿಂದ ತಪ್ಪಿಸಿಕೊಳ್ಳಬಹುದು.

7. ನಷ್ಟಕ್ಕೆ ಕಾರಣವಾಗುವ ಅಂಶಗಳು

(1) ಆಹಾರದ ಪೋಲು: ಕೊಳದಲ್ಲಿ ಒಂದೂವರೆ ಕಿಲೋ ಬದಲು 1.8 ಕಿಲೋ ಆಹಾರ ಖರ್ಚಾದರೆ ಉತ್ಪಾದನಾ ವೆಚ್ಚ ರೂ. 102ಕ್ಕೆ ಏರುತ್ತದೆ. ರೂ. 1.40 ಲಕ್ಷದ ಲಾಭ ರೂ. 28,000ದ ನಷ್ಟವಾಗಿ ಮಾರ್ಪಡುತ್ತದೆ. ಮೀನು ತಿನ್ನುವಷ್ಟನ್ನು ಮಾತ್ರ ಹಾಕಿ, ಪ್ರತಿದಿನ ಪುಸ್ತಕದಲ್ಲಿ ದಾಖಲಿಸುವುದು ಅವಶ್ಯ.

(2) ಬೆಲೆ ಕುಸಿತ: ಸುತ್ತಮುತ್ತಲ ಕೊಳಗಳ ಮೀನು ಒಮ್ಮೆಲೇ ಮಾರುಕಟ್ಟೆಗೆ ಬಂದಾಗ ಬೆಲೆ ಇಳಿಯುತ್ತದೆ. ಕೊಳದಲ್ಲಿ ಮೀನನ್ನು ಕೆಲವು ವಾರ ಉಳಿಸಿಕೊಳ್ಳಬಹುದು. ತುಂಬಿದ ತೊಟ್ಟಿಯಲ್ಲಿ ಇದಕ್ಕೆ ಅವಕಾಶವಿರುವುದಿಲ್ಲ.

(3) ವಿದ್ಯುತ್ ಕಡಿತ: ಪಂಗಾಸಿಯಸ್ ಗಾಳಿ ಉಸಿರಾಡುವ ಮೀನಾದರೂ, ಬ್ಲೋವರ್ ನಿಂತಾಗ ಬಯೋಫ್ಲಾಕ್‌ನ ಸೂಕ್ಷ್ಮಾಣುಜೀವಿಗಳಿಗೆ ಆಮ್ಲಜನಕವಿಲ್ಲದೆ ನೀರು ಕೆಡುತ್ತದೆ. ಜನರೇಟರ್ ಅಥವಾ ಇನ್ವರ್ಟರ್ ವ್ಯವಸ್ಥೆಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಲೇಬೇಕು.

(4) ಚಳಿಗಾಲ: ಚಳಿ ಹೆಚ್ಚಿರುವ ಪ್ರದೇಶಗಳಲ್ಲಿ ಬೇಸಿಗೆಯ ಆರಂಭದಲ್ಲಿ ಮರಿ ಬಿಟ್ಟು, ಚಳಿಗೆ ಮುನ್ನ ಮೀನು ಹಿಡಿಯುವಂತೆ ಯೋಜಿಸುವುದು ಸೂಕ್ತ.

8. ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಕೆಳಕಂಡ ಪ್ರಶ್ನೆಗಳಿಗೆ ಲಿಖಿತವಾಗಿ ಉತ್ತರ ಬರೆದುಕೊಳ್ಳುವುದು ಒಳಿತು.

- ಮೀನನ್ನು ಕೊಳ್ಳುವವರು ಯಾರು? ಕಳೆದ ಒಂದು ವರ್ಷದಲ್ಲಿ ಅವರು ನೀಡಿದ ಕನಿಷ್ಠ ಬೆಲೆ ಎಷ್ಟು?
- ಆ ಕನಿಷ್ಠ ಬೆಲೆಯು ತಮ್ಮ ಕಿಲೋವಾರು ವೆಚ್ಚಕ್ಕಿಂತ ಹೆಚ್ಚಿದೆಯೇ?
- ಮೊದಲ ಬೆಳೆ ಕೈಸೇರುವವರೆಗೆ ಆಹಾರಕ್ಕೆ ಬೇಕಾದ ಹಣದ ಮೂಲ ಯಾವುದು?
- ಬೇಸಿಗೆಯಲ್ಲಿ ನೀರು ಲಭ್ಯವಿದೆಯೇ?
- ಮರಿಗಳ ಮೂಲ ಖಚಿತವಾಗಿದೆಯೇ?
- ಒಂದು ಬೆಳೆ ಪೂರ್ಣ ನಷ್ಟವಾದರೆ ಕಂತು ಕಟ್ಟುವ ಬೇರೆ ಆದಾಯವಿದೆಯೇ?

ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಒಂದು ಬೆಳೆಯ ಅನುಭವದ ನಂತರ ವಿಸ್ತರಿಸುವುದು ಸೂಕ್ತ. ಯೋಜನೆಗಳ ಪ್ರಸಕ್ತ ಲಭ್ಯತೆ, ಘಟಕ ವೆಚ್ಚ ಮತ್ತು ಸಲ್ಲಿಸಬೇಕಾದ ದಾಖಲೆಗಳ ವಿವರಗಳನ್ನು ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ಪಡೆಯಬಹುದಾಗಿದೆ. ಕಛೇರಿಗೆ ಬರುವಾಗ ಮೇಲ್ಕಂಡ ಲೆಕ್ಕದ ಹಾಳೆಯನ್ನು ತಮ್ಮ ಊರಿನ ದರಗಳೊಂದಿಗೆ ತುಂಬಿಸಿ ತಂದಲ್ಲಿ, ಯೋಗ್ಯ ಪದ್ಧತಿಯ ಆಯ್ಕೆಯ ಬಗ್ಗೆ ಚರ್ಚಿಸಲು ಅನುಕೂಲವಾಗುತ್ತದೆ.