ಬೆಳೆಸಿದವರೇ ದುಬಾರಿಯಾದಾಗ: ಸನ್‌ರೈಸರ್ಸ್ ಹೈದರಾಬಾದ್ ಲೆಕ್ಕಾಚಾರ ತಪ್ಪಿದ್ದೆಲ್ಲಿ?

2024ರ ಐಪಿಎಲ್‌ನಲ್ಲಿ ಫೈನಲ್ ತಲುಪಿದ್ದ ಸನ್‌ರೈಸರ್ಸ್ ಹೈದರಾಬಾದ್, 2025ರಲ್ಲಿ ಆರನೇ ಸ್ಥಾನಕ್ಕೆ ಕುಸಿಯಿತು. ನಾಯಕ ಅದೇ ಪ್ಯಾಟ್ ಕಮಿನ್ಸ್. ಆರಂಭಿಕರು ಅದೇ ಟ್ರಾವಿಸ್ ಹೆಡ್, ಅಭಿಷೇಕ್ ಶರ್ಮಾ. ನಂತರ ಅದೇ ಹೆನ್ರಿಕ್ ಕ್ಲಾಸೆನ್, ನಿತೀಶ್ ಕುಮಾರ್ ರೆಡ್ಡಿ. ಈ ಐವರೂ ಇದ್ದರೂ ತಂಡ ಯಾಕೆ ಸೋತಿತು? ಉತ್ತರದ ದೊಡ್ಡ ಭಾಗ ಇರುವುದು ಅವರ ಬೆಲೆಯಲ್ಲಿ.

2024ರಲ್ಲಿ ಕಮಿನ್ಸ್‌ಗೆ 20.50 ಕೋಟಿ, ಹೆಡ್‌ಗೆ 6.80 ಕೋಟಿ, ಅಭಿಷೇಕ್‌ಗೆ 6.50 ಕೋಟಿ, ಕ್ಲಾಸೆನ್‌ಗೆ 5.25 ಕೋಟಿ. ನಿತೀಶ್‌ಗೆ ಬರೀ 20 ಲಕ್ಷ. ಒಟ್ಟು 39.25 ಕೋಟಿ ರೂಪಾಯಿ. ಆಗ ತಂಡದ ಪರ್ಸ್ 100 ಕೋಟಿ. 2025ರ ಮೆಗಾ ಹರಾಜಿಗೆ ಮುನ್ನ ಇದೇ ಐವರನ್ನು ಉಳಿಸಿಕೊಳ್ಳಲು ಹೋದದ್ದು 75 ಕೋಟಿ: ಕ್ಲಾಸೆನ್ 23, ಕಮಿನ್ಸ್ 18, ಹೆಡ್ ಮತ್ತು ಅಭಿಷೇಕ್ ತಲಾ 14, ನಿತೀಶ್ 6. ಪರ್ಸ್ 120 ಕೋಟಿಗೆ ಏರಿತ್ತು, ನಿಜ. ಆದರೂ ಉಳಿದ ಇಡೀ ತಂಡವನ್ನು ಕಟ್ಟಲು ಕೈಯಲ್ಲಿದ್ದದ್ದು 45 ಕೋಟಿ ಮಾತ್ರ.

ಡ್ರಾಫ್ಟ್ ಇಲ್ಲದ ಲೀಗ್

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡ ಕಟ್ಟಲು ಎರಡು ಮುಖ್ಯ ದಾರಿಗಳಿವೆ. ಒಂದು ಡ್ರಾಫ್ಟ್. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಕೆಳಗಿನ ತಂಡಗಳಿಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಹೆಚ್ಚು. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಆಟಗಾರ ಎಷ್ಟೇ ಚೆನ್ನಾಗಿ ಆಡಿದರೂ ನಾಲ್ಕು ವರ್ಷದವರೆಗೆ ಅವನ ಸಂಬಳ ನಿಗದಿತ ಪಟ್ಟಿಯ ಪ್ರಕಾರವೇ. ಇನ್ನೊಂದು ದಾರಿ ಫ್ರೀ ಏಜೆನ್ಸಿ. ಒಪ್ಪಂದ ಮುಗಿದ ತಾರೆಯನ್ನು ಹಣ ಕೊಟ್ಟು ಕರೆತರುವುದು.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎರಡನ್ನೂ ಬಳಸಿತು. ಸ್ಟೀಫನ್ ಕರಿ (2009), ಕ್ಲೇ ಥಾಂಪ್ಸನ್ (2011), ಡ್ರೇಮಂಡ್ ಗ್ರೀನ್ (2012) ಮೂವರೂ ಡ್ರಾಫ್ಟ್‌ನಲ್ಲಿ ಸಿಕ್ಕವರು. 2015ರಲ್ಲಿ ಅವರೊಂದಿಗೇ ಪ್ರಶಸ್ತಿ ಬಂತು. ಕರಿಯ ಒಪ್ಪಂದ ಅಗ್ಗವಾಗಿದ್ದಾಗಲೇ, 2016ರಲ್ಲಿ ಕೆವಿನ್ ಡ್ಯುರಾಂಟ್ ಅವರನ್ನು ಫ್ರೀ ಏಜೆಂಟ್ ಆಗಿ ಸೇರಿಸಿಕೊಂಡು 2017, 2018ರಲ್ಲೂ ಗೆದ್ದರು.

ಹೈದರಾಬಾದ್ 2024ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅಗ್ಗದ ಬ್ಯಾಟಿಂಗ್ ಬಳಗ ಕೈಯಲ್ಲಿತ್ತು, ಉಳಿದ ಹಣದಲ್ಲಿ ಕಮಿನ್ಸ್ ಬಂದರು. ನಮ್ಮ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ವಿರುದ್ಧ 287 ರನ್ ಚಚ್ಚಿದ್ದನ್ನು ಬೆಂಗಳೂರಿನ ಅಭಿಮಾನಿಗಳು ಮರೆತಿರಲಾರರು.

ಆದರೆ ಐಪಿಎಲ್‌ನಲ್ಲಿ ಡ್ರಾಫ್ಟ್ ಇಲ್ಲ. 2023ರಲ್ಲಿ ಹೈದರಾಬಾದ್ ಹತ್ತನೇ, ಅಂದರೆ ಕೊನೇ ಸ್ಥಾನದಲ್ಲಿತ್ತು. ಅದಕ್ಕಾಗಿ ಯಾವ ರಿಯಾಯಿತಿಯೂ ಸಿಗಲಿಲ್ಲ. ಅದೇ ವರ್ಷ 13.25 ಕೋಟಿಗೆ ತಂದಿದ್ದ ಹ್ಯಾರಿ ಬ್ರೂಕ್ ಒಂದು ಶತಕ ಬಾರಿಸಿದರೂ ಟೂರ್ನಿಯಲ್ಲಿ ಗಳಿಸಿದ್ದು 190 ರನ್. ಹೆಸರು ನೋಡಿ ಹಣ ಸುರಿಯುವುದರ ಅಪಾಯ ಇದು.

55 ಲಕ್ಷದಿಂದ 14 ಕೋಟಿಗೆ

ಹುಡುಗರನ್ನು ಬೆಳೆಸುವ ದಾರಿ ಸಲೀಸೇ? ಅಭಿಷೇಕ್ ಶರ್ಮಾ ಕತೆ ನೋಡಿ. 2018ರಲ್ಲಿ ಡೆಲ್ಲಿ ತಂಡ ಅವರನ್ನು 55 ಲಕ್ಷಕ್ಕೆ ಕೊಂಡಿತ್ತು. ಶಿಖರ್ ಧವನ್ ಅವರನ್ನು ಬಿಟ್ಟುಕೊಟ್ಟ ಹೈದರಾಬಾದ್, ಬದಲಿಗೆ ಪಡೆದ ಮೂವರಲ್ಲಿ ಈ 18ರ ಹುಡುಗನೂ ಒಬ್ಬ. ಮೂರು ವರ್ಷ ತಾಳ್ಮೆಯಿಂದ ಇಟ್ಟುಕೊಂಡರೂ 2022ರ ಮೆಗಾ ಹರಾಜಿನ ಹೊತ್ತಿಗೆ ಉಳಿಸಿಕೊಳ್ಳಲಿಲ್ಲ. ತಾನೇ ಬೆಳೆಸಿದವನನ್ನು ಹರಾಜಿನಲ್ಲಿ 6.50 ಕೋಟಿ ಕೊಟ್ಟು ಮತ್ತೆ ಕೊಳ್ಳಬೇಕಾಯಿತು. 2024ರಲ್ಲಿ 484 ರನ್, 42 ಸಿಕ್ಸರ್ ಬಂದ ಮೇಲೆ ಬೆಲೆ 14 ಕೋಟಿ.

ಎಲ್ಲರೂ ಅಭಿಷೇಕ್ ಆಗುವುದಿಲ್ಲ ಎನ್ನುವುದೂ ಇದೆ. ನೆಟ್ ಬೌಲರ್ ಆಗಿ ಬಂದ ಉಮ್ರಾನ್ ಮಲಿಕ್ ಅವರನ್ನು 4 ಕೋಟಿಗೆ ಉಳಿಸಿಕೊಂಡಾಗ, 2022ರಲ್ಲಿ ಅವರು 22 ವಿಕೆಟ್ ಕಿತ್ತರು. ಆಮೇಲೆ ಲಯ ತಪ್ಪಿತು, ತಂಡ ಕೈಬಿಟ್ಟಿತು.

ಹೀಗಾಗಿ ಐಪಿಎಲ್‌ನಲ್ಲಿ ಬೆಳೆಸಿದ ಪ್ರತಿಭೆ ಅಗ್ಗವಾಗಿರುವುದು ಮುಂದಿನ ಮೆಗಾ ಹರಾಜಿನವರೆಗೆ ಮಾತ್ರ. ಅಲ್ಲಿಂದಾಚೆ ಅವನಿಗೂ ಹೊರಗಿನ ತಾರೆಗೂ ಮಾರುಕಟ್ಟೆ ದರವೇ.

ಬಿಟ್ಟವರು ಗೆದ್ದರು

75 ಕೋಟಿ ಖರ್ಚಾದ ಮೇಲೆ ಪೆಟ್ಟು ಬಿದ್ದದ್ದು ಬೌಲಿಂಗ್‌ಗೆ. 2014ರಿಂದ ತಂಡದಲ್ಲಿದ್ದ ಭುವನೇಶ್ವರ್ ಕುಮಾರ್ 10.75 ಕೋಟಿಗೆ ಆರ್‌ಸಿಬಿಗೆ ಹೋದರು. ಅಷ್ಟೇ ಮೊತ್ತಕ್ಕೆ ನಟರಾಜನ್ ಡೆಲ್ಲಿ ಸೇರಿದರು. ಅವರ ಜಾಗಕ್ಕೆ 10 ಕೋಟಿಗೆ ಬಂದ ಮೊಹಮ್ಮದ್ ಶಮಿ ಪಡೆದದ್ದು 9 ಪಂದ್ಯದಲ್ಲಿ 6 ವಿಕೆಟ್. 8 ಕೋಟಿಯ ಹರ್ಷಲ್ ಪಟೇಲ್ ಮಾತ್ರ 16 ವಿಕೆಟ್ ಪಡೆದು ಮಾನ ಉಳಿಸಿದರು. ಮೊದಲ ಪಂದ್ಯದಲ್ಲಿ 286 ರನ್ ಹೊಡೆದ ತಂಡ ನಂತರದ ನಾಲ್ಕನ್ನೂ ಸತತವಾಗಿ ಸೋತಿತು.

ಆರ್‌ಸಿಬಿ ಉಲ್ಟಾ ದಾರಿ ಹಿಡಿದಿತ್ತು. ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11), ಯಶ್ ದಯಾಳ್ (5) ಮೂವರನ್ನೇ ಉಳಿಸಿಕೊಂಡು 83 ಕೋಟಿ ಹಿಡಿದು ಹರಾಜಿಗೆ ಹೋಯಿತು. ಹೇಝಲ್‌ವುಡ್, ಸಾಲ್ಟ್, ಜಿತೇಶ್, ಭುವಿ ಬಂದರು. 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ 17 ರನ್‌ಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಎದುರಾಳಿ ಪಂಜಾಬ್ ಉಳಿಸಿಕೊಂಡದ್ದು ಇಬ್ಬರನ್ನೇ. ಆರು ಮಂದಿಯನ್ನು ಉಳಿಸಿಕೊಂಡ ಕೋಲ್ಕತ್ತಾ ಎಂಟನೇ, ರಾಜಸ್ಥಾನ ಒಂಬತ್ತನೇ ಸ್ಥಾನ ಪಡೆದವು.

ಹಾಗಂತ ಕಡಿಮೆ ಜನರನ್ನು ಉಳಿಸಿಕೊಂಡರೆ ಸಾಕು ಎಂದು ಹೇಳಲಾಗದು. ಮುಂಬೈ ಕೂಡ ಐವರಿಗೆ 75 ಕೋಟಿ ಕೊಟ್ಟು ಎರಡನೇ ಕ್ವಾಲಿಫೈಯರ್‌ವರೆಗೆ ಬಂತು. ಆ ಐವರಲ್ಲಿ ಬುಮ್ರಾ ಇದ್ದರು, ಹಾರ್ದಿಕ್ ಇದ್ದರು. ಹೈದರಾಬಾದ್ ಪಟ್ಟಿಯಲ್ಲಿ ಅಪ್ಪಟ ಬೌಲರ್ ಎಂದರೆ ಕಮಿನ್ಸ್ ಒಬ್ಬರೇ. ಎಡವಿದ್ದು ಎಷ್ಟು ಜನರನ್ನು ಉಳಿಸಿದರು ಎನ್ನುವುದಕ್ಕಿಂತ ಯಾರನ್ನು ಎನ್ನುವುದರಲ್ಲಿ ಅನಿಸುತ್ತದೆ.

ಅಗ್ಗದ ಪ್ರತಿಭೆಯ ಹುಡುಕಾಟ ಮಾತ್ರ ಉಪ್ಪಲ್ ಮೈದಾನದ ತಂಡ ನಿಲ್ಲಿಸಿಲ್ಲ. 2025ರ ಏಪ್ರಿಲ್‌ನಲ್ಲಿ ಆ್ಯಡಂ ಝಂಪಾ ಗಾಯಗೊಂಡಾಗ ಬದಲಿಗೆ ಕರೆಸಿಕೊಂಡದ್ದು ಕರ್ನಾಟಕದ ಬ್ಯಾಟರ್ ಆರ್. ಸ್ಮರಣ್ ಅವರನ್ನು, 30 ಲಕ್ಷಕ್ಕೆ. ಅವರೂ ಗಾಯಗೊಂಡು ಆ ವರ್ಷ ಹೊರಗುಳಿದರು.