ತರಗತಿಗೆ ಬಂದ ತಿಮಿಂಗಿಲದ ದನಿ

ತಿಮಿ ಎಂಬ ಮಹಾಮತ್ಸ್ಯವನ್ನೂ ನುಂಗುವಂಥದು ಎಂಬರ್ಥದ ಸಂಸ್ಕೃತ ಪದವೇ ಕನ್ನಡದಲ್ಲೂ ಉಳಿದು ಬಂದಿರುವುದರಿಂದ, ತಿಮಿಂಗಿಲವು ಮೀನಲ್ಲ, ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ ಎಂಬ ಪಾಠವನ್ನು ಶಿಕ್ಷಕರು ಹೆಸರಿನೊಡನೆಯೇ ಜಗಳವಾಡಿ ಆರಂಭಿಸಬೇಕಾಗುತ್ತದೆ. ಪಠ್ಯಪುಸ್ತಕದ ನಿಶ್ಚಲ ಚಿತ್ರದಲ್ಲಿ ಅದು ಮೀನಿನಂತೆಯೇ ಕಾಣುತ್ತದೆ. ಅಂತರ್ಜಾಲದ ಅರ್ಧ ನಿಮಿಷದ ವಿಡಿಯೊದಲ್ಲಾದರೋ, ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ ತಿಮಿಂಗಿಲವು, ನಾಗಾಲೋಟದಲ್ಲಿರುವ ನಾಯಿಯ ಬೆನ್ನು ಬಾಗಿ ಚಾಚುವ ಹಾಗೆ, ಮೇಲೆ ಕೆಳಗೆ ಬೀಸುವುದು ಕಂಡು, ನೆಲದ ಮೇಲೆ ನಡೆದಾಡುತ್ತಿದ್ದ ಅದರ ಪೂರ್ವಜರ ನೆನಪು ಬೆನ್ನುಮೂಳೆಯಲ್ಲಿ ಉಳಿದಿರುವುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಆದರೆ ಜಾಲತಾಣಗಳು ತರಗತಿಗೆ ತಂದುಕೊಡುವ ನಿಜವಾದ ಸಂಪತ್ತು ದೃಶ್ಯಕ್ಕಿಂತ ಹೆಚ್ಚಾಗಿ ಧ್ವನಿಯಲ್ಲಿದೆ. ಗೂನುಬೆನ್ನಿನ ತಿಮಿಂಗಿಲದ ಹಾಡುಗಳನ್ನು ಜೀವವಿಜ್ಞಾನಿ ರೋಜರ್ ಪೇನ್ 1970ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಹೊರತಂದಾಗ ಅವನ್ನು ಕೇಳಲು ತಟ್ಟೆಯನ್ನು ಕೊಳ್ಳಬೇಕಿತ್ತು. ಇಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಸುಮಾರು 900 ಮೀಟರ್ ಆಳದಲ್ಲಿ ಇರಿಸಿರುವ ಹೈಡ್ರೊಫೋನ್, ಅಂದರೆ ನೀರಿನೊಳಗಿನ ಮೈಕು, ಸೆರೆಹಿಡಿದ ದನಿಗಳನ್ನು ಅಲ್ಲಿನ ಸಂಶೋಧನಾ ಸಂಸ್ಥೆಯೇ ಅಂತರ್ಜಾಲದಲ್ಲಿ ಕೇಳಿಸಿದೆ. ಹಾಡಿನ ಜೊತೆಗೆ ಹಡಗಿನ ಎಂಜಿನ್ನಿನ ಗುಡುಗೂ ಕೇಳಿಬರುವುದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಕಡಲೊಳಗಿನ ಗದ್ದಲ ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆಯಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಕಂಪನಗಳ ದನಿ ಮನುಷ್ಯರ ಕಿವಿಗೆ ಕೇಳಿಸದಿರುವುದರಿಂದಲೂ, ನೀಲಿ ತಿಮಿಂಗಿಲದ ಕರೆಗಳು ಬಹುಮಟ್ಟಿಗೆ ಆ ಅಂಚಿನ ಆಸುಪಾಸಿನಲ್ಲೇ ಇರುವುದರಿಂದಲೂ, ಜಾಲತಾಣಗಳಲ್ಲಿ ಅವನ್ನು ಅನೇಕ ವೇಳೆ ವೇಗ ಹೆಚ್ಚಿಸಿಯೇ ಕೇಳಿಸುತ್ತಾರೆ. ಇದನ್ನು ತಿಳಿಸದೆ ಕೇಳಿಸಿದರೆ ಮಗು ಕಲಿಯುವುದು ತಪ್ಪನ್ನೇ. ತಿಳಿಸಿ, ದನಿಯ ಏರಿಳಿತವನ್ನು ಕಾಲದ ಗೆರೆಯ ಮೇಲೆ ಬಣ್ಣದಲ್ಲಿ ಮೂಡಿಸುವ ಸ್ಪೆಕ್ಟ್ರೋಗ್ರಾಮ್ ಎಂಬ ಚಿತ್ರವನ್ನೂ ಜೊತೆಗೆ ತೋರಿಸಿದರೆ, ಕೇಳದ ದನಿಯನ್ನು ಕಣ್ಣಿನಿಂದ ಓದುವ ಅಭ್ಯಾಸವಾಗುತ್ತದೆ. ತೆರೆಯ ಮೇಲೆ ಅಂಗೈಯಗಲಕ್ಕೆ ಕುಗ್ಗುವ ನೀಲಿ ತಿಮಿಂಗಿಲದ ಗಾತ್ರಕ್ಕೆ ಮಾತ್ರ ಅಂತರ್ಜಾಲ ಸಾಲದು. 30 ಮೀಟರ್ ಹಗ್ಗವನ್ನು ಶಾಲೆಯ ಅಂಗಳದಲ್ಲಿ ಎಳೆದು ತೋರಿಸುವುದೇ ಸರಿ.

ದನಿಯಷ್ಟೇ ಅಲ್ಲ, ಜಾಲತಾಣದ ಚಿತ್ರವೂ ಪಾಠವಾಗಬಲ್ಲದು. ಗೂನುಬೆನ್ನಿನ ತಿಮಿಂಗಿಲದ ಬಾಲದ ಅಡಿಭಾಗದ ಕಪ್ಪುಬಿಳುಪು ಮಚ್ಚೆಗಳು ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ. ಪ್ರವಾಸಿಗರು ಕಳುಹಿಸಿದ ಬಾಲದ ಚಿತ್ರಗಳನ್ನು ಹೋಲಿಸಿ ತಿಮಿಂಗಿಲದ ಗುರುತು ಹಚ್ಚುವ ಹ್ಯಾಪಿವೇಲ್ ತಾಣದ ಎರಡು ಚಿತ್ರಗಳನ್ನು ಮುಂದಿಟ್ಟು, ಎರಡೂ ಒಂದೇ ತಿಮಿಂಗಿಲದ್ದೋ ಎಂದು ಕೇಳಿದರೆ, ಅಂಚಿನ ಕಚ್ಚು, ಹಳೆಯ ಗಾಯದ ಗೆರೆಗಳನ್ನು ಮಕ್ಕಳು ಒಂದೊಂದಾಗಿ ಎಣಿಸತೊಡಗುತ್ತಾರೆ.

ಕರ್ನಾಟಕದ ತರಗತಿಗಳಿಗೆ ಹತ್ತಿರದ ಉದಾಹರಣೆಯೂ ಉಂಟು. ಗೂನುಬೆನ್ನಿನ ಜಾತಿಯ ಬಹುಪಾಲು ತಿಮಿಂಗಿಲಗಳು ಋತುವಿಗೆ ತಕ್ಕಂತೆ ಧ್ರುವದ ಕಡೆಗಿನ ತಣ್ಣೀರಿಗೆ ವಲಸೆ ಹೋಗುತ್ತವೆಯಾದರೂ ಅರಬ್ಬೀ ಸಮುದ್ರದವು ವರ್ಷವಿಡೀ ಇಲ್ಲಿಯೇ ಇರುತ್ತವೆ. ಅಂಥದೊಂದು ಹೆಣ್ಣು, ಲುಬಾನ್ ಎಂದು ಹೆಸರಿಟ್ಟದ್ದು, ಒಮಾನಿನ ಬಳಿ 2017ರಲ್ಲಿ ಅಳವಡಿಸಿದ ಉಪಗ್ರಹ ಸಾಧನವನ್ನು ಹೊತ್ತು ಕಡಲು ದಾಟಿ, ಗೋವೆಯ ಕಡೆಗೆ ಬಂದು, ಅಲ್ಲಿಂದ ಭಾರತದ ದಕ್ಷಿಣ ತುದಿಯತ್ತ ಸಾಗಿತು. ಆ ದಾರಿಯ ನಕ್ಷೆಯನ್ನು ತೆರೆದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ಪಕ್ಕದಲ್ಲೇ ಕಾಣುತ್ತದೆ.